ಹೊಗೆಸೊಪ್ಪು, ಎಚ್‌ಐವಿ ಮತ್ತು ಬಾಯಿಯ ಕ್ಯಾನ್ಸರ್

ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಹೆಸರಿದೆ. ಸುಟ್ಟು ಹೊಗೆಯಾಡಿಸುವ ಸೊಪ್ಪು ಎಂಬುದು ಪದದ ನೇರ ಅರ್ಥವಾದರೂ, ಕರ್ನಾಟಕದಲ್ಲಿ ಅದನ್ನು ಸೇದುವವರಿಗಿಂತ ಜಗಿಯುವವರ ಸಂಖ್ಯೆಯೇ ದೊಡ್ಡದು. 2016–17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇಕಡಾ 8.8ರಷ್ಟು ಮಂದಿ ಬೀಡಿ, ಸಿಗರೇಟು ಮೊದಲಾದುವನ್ನು ಸೇದುತ್ತಿದ್ದರು, ಶೇಕಡಾ 16.3ರಷ್ಟು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ಮಹಿಳೆಯರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಈ ಎರಡನೆಯ ಪ್ರಮಾಣ ಶೇಕಡಾ 10.3. ಸಿಗರೇಟನ್ನು ಮುಟ್ಟುವುದನ್ನೂ ಊಹಿಸದ ಮನೆಗಳಲ್ಲಿ ಎಲೆ ಅಡಿಕೆಯ ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು ಬಾಯಿಗೆ ಸೇರುವುದು ಯಾರಿಗೂ ಅಸಹಜವೆನಿಸುವುದಿಲ್ಲ.

ಇದೇ ಜನಸಮುದಾಯದೊಳಗೆ ಎಚ್‌ಐವಿಯೊಂದಿಗೆ ಬದುಕುತ್ತಿರುವವರೂ ಇದ್ದಾರೆ. ಭಾರತದಲ್ಲಿ ಅವರ ಒಟ್ಟು ಸಂಖ್ಯೆ ಸುಮಾರು 25 ಲಕ್ಷವೆಂದು ಅಂದಾಜು. ಮಹಾರಾಷ್ಟ್ರ, ಆಂಧ್ರಪ್ರದೇಶಗಳೊಂದಿಗೆ ಕರ್ನಾಟಕವೂ ಸೋಂಕಿತರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಮೊದಲಿನಿಂದಲೂ ಇದೆ. 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರು ದೇಶದ ಮೊದಲ ಸೋಂಕುಗಳನ್ನು ಪತ್ತೆ ಮಾಡಿದಾಗ ಈ ರೋಗಕ್ಕೆ ಪರಿಣಾಮಕಾರಿಯಾದ ಮದ್ದಿರಲಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಕ್ಷಯದಿಂದಲೋ, ಮಿದುಳಿನ ಸೋಂಕಿನಿಂದಲೋ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದವರು ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ದುಡಿದು, ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬದುಕುತ್ತಿದ್ದಾರೆ.

ಆದರೆ ಆಯುಷ್ಯ ಲಂಬಿಸಿದೊಡನೆ, ದಶಕಗಳ ಕಾಲ ಮೆಲ್ಲಗೆ ಬೆಳೆಯುವ ರೋಗಗಳಿಗೂ ಸಮಯ ಸಿಕ್ಕುತ್ತದೆ. ಅವುಗಳಲ್ಲಿ ಬಾಯಿಯ ಕ್ಯಾನ್ಸರ್ ಒಂದು. ಹೊಗೆಯಿಲ್ಲದ ತಂಬಾಕು ಮತ್ತು ಎಚ್‌ಐವಿ ಒಂದೇ ಬಾಯಿಯಲ್ಲಿ ಕೂಡಿದಾಗ ಅಪಾಯ ಏಕೆ ಏರುತ್ತದೆ, ಅದನ್ನು ಗುರುತಿಸುವಲ್ಲಿ ಎಲ್ಲಿ ತಪ್ಪುತ್ತದೆ, ತಪ್ಪಿಸಲು ಏನು ಸಾಧ್ಯ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೊಗೆಯಿಲ್ಲದ ತಂಬಾಕಿನ ಬಗೆಗಳು

ಹೊಗೆಯಿಲ್ಲದ ತಂಬಾಕು ಎಂಬುದು ಒಂದೇ ಪದಾರ್ಥವಲ್ಲ. ವೀಳ್ಯದೆಲೆ, ಅಡಿಕೆ, ಸುಣ್ಣಗಳೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪಿನ ತುಂಡು ನಮ್ಮ ಹಳ್ಳಿಗಳಲ್ಲಿ ಹಳೆಯದು. ತಂಬಾಕಿನ ಗಿಡದ ಕಾಂಡ ಮತ್ತು ಎಲೆತೊಟ್ಟುಗಳನ್ನು ಪುಡಿ ಮಾಡಿದ ಅಗ್ಗದ ಕಡ್ಡಿಪುಡಿ ಕರ್ನಾಟಕದ ಶ್ರಮಿಕರ ಪರಿಚಿತ ಸರಕು. ಒಣಗಿದ ಎಲೆಯನ್ನು ಸುಣ್ಣದೊಂದಿಗೆ ಅಂಗೈಯಲ್ಲಿ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ಖೈನಿ ಉತ್ತರ ಭಾರತದಿಂದ ಎಲ್ಲೆಡೆ ಹರಡಿದೆ. ಇವುಗಳ ಜೊತೆಗೆ ಮೂಗಿಗೆ ಏರಿಸುವ ಅಥವಾ ಒಸಡಿಗೆ ಉಜ್ಜುವ ನಸ್ಯ, ಸುವಾಸನೆ ಬೆರೆಸಿದ ಜರ್ದಾ, ಅಡಿಕೆ ಚೂರು ಸುಣ್ಣ ತಂಬಾಕುಗಳನ್ನು ಒಟ್ಟಿಗೆ ತಿಕ್ಕಿದ ಮಾವಾ, ಮತ್ತು ಇವೆಲ್ಲದರ ಕಾರ್ಖಾನೆ ರೂಪವಾದ ಗುಟ್ಕಾ ಸೇರುತ್ತವೆ.

ತಾಂಬೂಲ ನಮ್ಮ ನಾಡಿನಲ್ಲಿ ಬಹು ಪ್ರಾಚೀನ. ತಂಬಾಕಾದರೋ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಮೂಲಕ ಭಾರತವನ್ನು ತಲುಪಿದ್ದು. ಮದುವೆ, ಸೀಮಂತ, ಪೂಜೆಗಳ ತಾಂಬೂಲದಲ್ಲಿ ಅದಕ್ಕೆ ಇಂದಿಗೂ ಸ್ಥಾನವಿಲ್ಲ. ಆದರೂ ಎಲೆ ಅಡಿಕೆಗೆ ದೊರೆತ ಗೌರವದ ನೆರಳಿನಲ್ಲಿ ಹೊಗೆಸೊಪ್ಪು ಮನೆಯೊಳಗೆ ಬಂದು ಕುಳಿತಿತು. ಹಿರಿಯರ ಮುಂದೆ ಸಿಗರೇಟು ಹಚ್ಚಲು ಹಿಂಜರಿಯುವವನು ಅವರ ಸಂಚಿಯಿಂದಲೇ ಹೊಗೆಸೊಪ್ಪು ಕೇಳಿ ಪಡೆಯುವುದಕ್ಕೆ ಈ ನೆರಳೇ ಕಾರಣ.

ಕೆನ್ನೆಯೊಳಗೆ ನಡೆಯುವ ಕ್ರಿಯೆ

ತಂಬಾಕಿನ ಎಲೆಯನ್ನು ಒಣಗಿಸಿ, ಹುದುಗಿಸಿ, ಸಂಗ್ರಹಿಸಿಡುವ ಹಂತಗಳಲ್ಲಿ ಅದರಲ್ಲಿರುವ ನಿಕೋಟಿನ್ ಮತ್ತು ಅದರ ಬಂಧುಗಳಾದ ಕ್ಷಾರಗಳು ನೈಟ್ರೈಟಿನೊಂದಿಗೆ ವರ್ತಿಸಿ ನೈಟ್ರೊಸಮೀನ್ ಎಂಬ ಸಂಯುಕ್ತಗಳಾಗುತ್ತವೆ. ಅವುಗಳಲ್ಲಿ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬ ಎರಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಹೊಗೆಯಿಲ್ಲದ ತಂಬಾಕಿನಲ್ಲಿ ಈವರೆಗೆ ಗುರುತಿಸಲಾದ ಕ್ಯಾನ್ಸರ್‌ಕಾರಕಗಳು ಕನಿಷ್ಠ 28. ಸುಡುವುದೇ ಇಲ್ಲವಾದ್ದರಿಂದ ಇದು ನಿರಪಾಯ ಎಂಬ ನಂಬಿಕೆಗೆ ಆಧಾರವಿಲ್ಲ. ವಿಷ ಬೆಂಕಿ ತಾಗುವ ಮೊದಲೇ ಎಲೆಯಲ್ಲಿ ಸಿದ್ಧವಾಗಿರುತ್ತದೆ.

ಸುಣ್ಣ ಇಲ್ಲಿ ಎರಡು ಕೆಲಸ ಮಾಡುತ್ತದೆ. ಅದು ಬಾಯಿಯ ರಸವನ್ನು ಕ್ಷಾರೀಯಗೊಳಿಸಿ, ನಿಕೋಟಿನ್ ಲೋಳೆಪೊರೆಯ ಮೂಲಕ ವೇಗವಾಗಿ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಚಟ ಬಿಗಿಯಾಗುವುದು ಇದರಿಂದ. ಜೊತೆಗೆ ಲೋಳೆಪೊರೆಯನ್ನೇ ಸುಟ್ಟು ಸವೆಸಿ, ವಿಷಗಳಿಗೆ ಒಳದಾರಿ ತೆರೆಯುತ್ತದೆ. ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ, ಒಂದೇ ಕೆನ್ನೆಯ ಒಂದೇ ಸಂದಿಯಲ್ಲಿ ಈ ಮಿಶ್ರಣ ಕುಳಿತರೆ ಆ ಜಾಗದ ಜೀವಕೋಶಗಳು ಗಾಯಗೊಳ್ಳುತ್ತ, ವಿಭಜನೆಯಾಗುತ್ತ, ತಪ್ಪುಗಳನ್ನು ಕೂಡಿಸಿಕೊಳ್ಳುತ್ತ ಹೋಗುತ್ತವೆ. ಭಾರತದ ಬಾಯಿ ಕ್ಯಾನ್ಸರಿನಲ್ಲಿ ಕೆಳ ಒಸಡು ಮತ್ತು ಕೆನ್ನೆ ಸೇರುವ ಸಂದಿಯೇ ಮುಖ್ಯ ನೆಲೆಯಾಗಿರುವುದು ಆಕಸ್ಮಿಕವಲ್ಲ. ತಂಬಾಕು ಎಲ್ಲಿ ತಂಗುತ್ತದೆಯೋ ಅಲ್ಲಿಯೇ ಗೆಡ್ಡೆ ಏಳುತ್ತದೆ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಸುಮಾರು 1.4 ಲಕ್ಷ ಹೊಸ ಪ್ರಕರಣಗಳಿದ್ದವು. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು.

ಅಡಿಕೆಯ ಪಾಲು

ತಂಬಾಕನ್ನು ಬಿಟ್ಟು ಬರೀ ಎಲೆ ಅಡಿಕೆ ಹಾಕಿದರೆ ತೊಂದರೆಯಿಲ್ಲ ಎಂಬ ಮಾತು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಸಾಮಾನ್ಯ. ಅಡಿಕೆ ಲಕ್ಷಾಂತರ ಕುಟುಂಬಗಳ ಜೀವನಾಧಾರವಾಗಿರುವ ನಾಡಿನಲ್ಲಿ ಈ ವಿಷಯವನ್ನು ಆಡುವುದು ಸುಲಭವಲ್ಲ. ಆದರೂ ಪುರಾವೆಯನ್ನು ಮುಚ್ಚಿಡಲಾಗದು. 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ ಮೇಲೆ ಹೇಳಿದ ಸಂಸ್ಥೆಯು ಅಡಿಕೆಯನ್ನೂ, ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಮೊದಲನೆಯ ಗುಂಪಿಗೆ ಸೇರಿಸಿತು. 2014ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯಂತೆ ಭಾರತ ಉಪಖಂಡದಲ್ಲಿ ತಂಬಾಕು ಬೆರೆತ ಎಲೆ ಅಡಿಕೆ ಜಗಿಯುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಜಗಿಯದವರಿಗಿಂತ ಸುಮಾರು 7.7 ಪಟ್ಟು, ತಂಬಾಕಿಲ್ಲದೆ ಜಗಿಯುವವರಿಗೆ ಸುಮಾರು 2.6 ಪಟ್ಟು. ತಂಬಾಕನ್ನು ಬಿಟ್ಟರೆ ಅಪಾಯದ ಬಹುಭಾಗ ತಗ್ಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ ಎಂಬುದು ಇದರ ತಾತ್ಪರ್ಯ.

ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಕ್ಷಾರವು ಲೋಳೆಪೊರೆಯ ಕೆಳಗಿನ ನಾರಿನ ಅಂಗಾಂಶವನ್ನು ಅತಿಯಾಗಿ ಬೆಳೆಸುತ್ತದೆ. ಕೆನ್ನೆ ಬಿಳಚಿ ಬಿರುಸಾಗಿ, ಖಾರ ತಾಗಿದರೆ ಉರಿದು, ಬಾಯಿ ಕ್ರಮೇಣ ತೆರೆಯಲಾಗದಂತಾಗುತ್ತದೆ. ಈ ಸ್ಥಿತಿಯನ್ನು ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಹೊರನಾಡಿನ ಓದುಗರು ಗಮನಿಸಬೇಕಾದ ಸಂಗತಿಯೊಂದು ಇದರ ಇತಿಹಾಸದಲ್ಲಿದೆ: ಆಧುನಿಕ ವೈದ್ಯಸಾಹಿತ್ಯದಲ್ಲಿ 1952ರಲ್ಲಿ ಶ್ವಾರ್ಟ್ಸ್ ಎಂಬವರು ಇದನ್ನು ಮೊದಲು ವರ್ಣಿಸಿದ್ದು ಭಾರತದಲ್ಲಿ ಅಲ್ಲ, ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಚಟವೂ ಅದರ ಫಲವೂ ಸಮುದ್ರ ದಾಟಿದ್ದವು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ ಶೇಕಡಾ 7.6ರಷ್ಟು ಮಂದಿಯಲ್ಲಿ ಅದು ಕ್ಯಾನ್ಸರಾಗಿ ಪರಿಣಮಿಸಿತ್ತು.

ಎಚ್‌ಐವಿ ಸೇರಿದಾಗ

ನಮ್ಮ ದೇಹದಲ್ಲಿ ಕೆಟ್ಟ ಜೀವಕೋಶಗಳು ಆಗಾಗ ಹುಟ್ಟುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ರೋಗನಿರೋಧಕ ವ್ಯವಸ್ಥೆ ಗುರುತಿಸಿ ನಾಶಪಡಿಸುತ್ತದೆ. ಈ ಕಾವಲಿನ ಸಂಘಟಕರು ಸಿ.ಡಿ.4 ಎಂಬ ಬಿಳಿ ರಕ್ತಕಣಗಳು. ಎಚ್‌ಐವಿ ಮುಖ್ಯವಾಗಿ ದಾಳಿ ಮಾಡುವುದು ಅವುಗಳ ಮೇಲೆಯೇ. ಚಿಕಿತ್ಸೆಯಿಂದ ವೈರಸ್ ಅಡಗಿದ ಮೇಲೂ, ತಡವಾಗಿ ಔಷಧಿ ಆರಂಭಿಸಿದವರಲ್ಲಿ ಈ ಕಣಗಳ ಸಂಖ್ಯೆ ಪೂರ್ತಿ ಚೇತರಿಸಿಕೊಳ್ಳದಿರಬಹುದು. ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಮುಂದುವರಿಯುತ್ತದೆ. ದೀರ್ಘಕಾಲದ ಉರಿಯೂತ ಕ್ಯಾನ್ಸರಿಗೆ ಅನುಕೂಲವಾದ ನೆಲ.

ಬಾಯಿಯೊಳಗೆ ಇನ್ನಷ್ಟು ಕಾರಣಗಳು ಕೂಡುತ್ತವೆ. ಸೋಂಕಿತರಲ್ಲಿ ಒಸಡಿನ ರೋಗ, ಬಾಯಿ ಒಣಗುವಿಕೆ, ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇತರರಿಗಿಂತ ಹೆಚ್ಚು. ಜೊಲ್ಲು ಕಡಿಮೆಯಾದರೆ ವಿಷಗಳು ತೊಳೆದುಹೋಗದೆ ಹೆಚ್ಚು ಹೊತ್ತು ನಿಲ್ಲುತ್ತವೆ. ಮದ್ಯಪಾನವೂ ಇದ್ದರೆ ಕ್ಯಾಂಡಿಡಾ ಆ ಮದ್ಯವನ್ನು ಅಸಿಟಾಲ್ಡಿಹೈಡ್ ಎಂಬ ಕ್ಯಾನ್ಸರ್‌ಕಾರಕವನ್ನಾಗಿ ಮಾರ್ಪಡಿಸಬಲ್ಲದು. ಮಾನವ ಪ್ಯಾಪಿಲೋಮಾ ವೈರಸ್ ಸೋಂಕು ಕೂಡ ಎಚ್‌ಐವಿ ಇರುವವರ ಬಾಯಿಯಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಅದರ ಮುಖ್ಯ ಪಾತ್ರವಿರುವುದು ಗಂಟಲು, ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿನಲ್ಲಿ. ಕೆನ್ನೆ ಮತ್ತು ಒಸಡಿನ ಕ್ಯಾನ್ಸರಿನ ಹೊಣೆ ನಮ್ಮ ನಾಡಿನಲ್ಲಿ ಬಹುಪಾಲು ತಂಬಾಕು ಮತ್ತು ಅಡಿಕೆಯದೇ.

ಅಪಾಯ ಎಷ್ಟು ಏರುತ್ತದೆ? 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನಾಲ್ಕು ಲಕ್ಷಕ್ಕೂ ಹೆಚ್ಚು ಎಚ್‌ಐವಿ ಸೋಂಕಿತರ ಮಾಹಿತಿಯನ್ನು, ಅಂಗಾಂಗ ಕಸಿ ಮಾಡಿಸಿಕೊಂಡು ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುವವರ ಮಾಹಿತಿಯೊಂದಿಗೆ ಹೋಲಿಸಿತು. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಸೋಂಕಿತರಲ್ಲಿ ಸಾಮಾನ್ಯ ಜನರಿಗಿಂತ ಎರಡು ಪಟ್ಟಿಗೂ ಮೀರಿ, ಕಸಿ ಪಡೆದವರಲ್ಲಿ ಸುಮಾರು ಮೂರು ಪಟ್ಟು ಕಂಡುಬಂತು. ಜೀವನಕ್ರಮದಲ್ಲಿ ಒಬ್ಬರಿಗೊಬ್ಬರು ಹೋಲದ ಈ ಎರಡು ಗುಂಪುಗಳಿಗೆ ಸಮಾನವಾದದ್ದು ಕುಂದಿದ ನಿರೋಧಕ ಶಕ್ತಿ. ಆದ್ದರಿಂದ ಹೆಚ್ಚಿದ ಅಪಾಯವನ್ನು ಕೇವಲ ಚಟಗಳ ಲೆಕ್ಕಕ್ಕೆ ಬರೆಯಲಾಗದು.

ಈ ಅಂಕಿಯನ್ನು ಹಾಗೆಯೇ ಕರ್ನಾಟಕಕ್ಕೆ ಅನ್ವಯಿಸುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು. ಆ ಮಾಹಿತಿ ಬಂದದ್ದು ಬಹುಮಟ್ಟಿಗೆ ಶ್ರೀಮಂತ ಪಾಶ್ಚಾತ್ಯ ದೇಶಗಳಿಂದ. ಅಲ್ಲಿ ಗುಟ್ಕಾ, ಕಡ್ಡಿಪುಡಿಗಳ ಬಳಕೆ ವಿರಳ. ಬಾಯಿ ಕ್ಯಾನ್ಸರಿನ ಮೂಲ ಪ್ರಮಾಣವೇ ಕಡಿಮೆ. ಚಿಕ್ಕ ಸಂಖ್ಯೆಯೊಂದು ಎರಡು ಪಟ್ಟಾದರೂ ಚಿಕ್ಕದಾಗಿಯೇ ಉಳಿಯಬಹುದು. ತಂಬಾಕಿನಿಂದ ಈಗಾಗಲೇ ಹಲವು ಪಟ್ಟು ಏರಿರುವ ಅಪಾಯದ ಮೇಲೆ ನಿರೋಧಕ ಶಕ್ತಿಯ ಕೊರತೆಯೂ ಸೇರಿದಾಗ ಮಾತು ಬೇರೆ.

ಇದಕ್ಕೆ ಸೇರಿಸಬೇಕಾದ ಇನ್ನೊಂದು ಸಂಗತಿ, ಸೋಂಕಿತರಲ್ಲಿ ತಂಬಾಕಿನ ಬಳಕೆಯೇ ಹೆಚ್ಚು ಎಂಬುದು. ಭಾರತವೂ ಸೇರಿ 28 ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2017ರ ಅಧ್ಯಯನವೊಂದರಲ್ಲಿ ಎಚ್‌ಐವಿ ಇರುವ ಪುರುಷರಲ್ಲಿ ಸುಮಾರು ಶೇಕಡಾ 27ರಷ್ಟು ಮಂದಿ ಯಾವುದಾದರೊಂದು ಬಗೆಯ ತಂಬಾಕು ಬಳಸುತ್ತಿದ್ದರು. ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಈ ಪ್ರಮಾಣ ಸೋಂಕಿಲ್ಲದವರಿಗಿಂತ ಮೇಲಿತ್ತು. ಸೋಂಕಿನ ಸುದ್ದಿ ತಂದ ಖಿನ್ನತೆ, ಮನೆಯವರಿಂದ ದೂರವಾದ ಒಂಟಿತನ, ಲಾರಿ ಚಾಲನೆ ಅಥವಾ ರಾತ್ರಿ ಪಾಳಿಯಂಥ ದುಡಿಮೆಯಲ್ಲಿ ನಿದ್ದೆ ಹಸಿವುಗಳನ್ನು ಅಡಗಿಸುವ ಅಗತ್ಯ, ಇವೆಲ್ಲ ಚಟಕ್ಕೆ ನೀರೆರೆಯುತ್ತವೆ.

ಸೇದುವ ತಂಬಾಕಿನ ವಿಷಯದಲ್ಲಿ ಡೆನ್ಮಾರ್ಕಿನಿಂದ ಒಂದು ಸ್ಪಷ್ಟವಾದ ಲೆಕ್ಕ ದೊರೆತಿದೆ. ಚಿಕಿತ್ಸೆ ಸುಲಭವಾಗಿ ಸಿಗುವ ಆ ದೇಶದಲ್ಲಿ 35 ವಯಸ್ಸಿನ ಸೋಂಕಿತ ಧೂಮಪಾನಿಯೊಬ್ಬ ಎಚ್‌ಐವಿಯಿಂದ ಕಳೆದುಕೊಳ್ಳುವ ಆಯುಷ್ಯ ಸುಮಾರು 5 ವರ್ಷ, ತಂಬಾಕಿನಿಂದ ಕಳೆದುಕೊಳ್ಳುವುದು ಸುಮಾರು 12 ವರ್ಷ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜಗಿಯುವ ತಂಬಾಕಿಗೆ ಇದೇ ಅಂಕಿ ಹೊಂದಬೇಕಾಗಿಲ್ಲ. ಆದರೆ ವೈರಸ್ಸನ್ನು ಮಾತ್ರೆಯಿಂದ ಕಟ್ಟಿಹಾಕಿದ ಮೇಲೆ ತಂಬಾಕೇ ಹೆಚ್ಚಿನ ಶತ್ರುವಾಗಬಲ್ಲದು ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ.

ಒಂದೇ ಬಾಯಿ, ಹಲವು ಬಿಳಿ ಮಚ್ಚೆಗಳು

ಈ ಇಡೀ ವಿಷಯದಲ್ಲಿ ಹೆಚ್ಚು ಹಾನಿ ಮಾಡುವ ತಪ್ಪು ಬಾಯಿಯಲ್ಲಿ ಕಾಣುವ ಬಿಳಿ ಮಚ್ಚೆಯ ಸುತ್ತ ನಡೆಯುತ್ತದೆ. ಎಚ್‌ಐವಿ ಇರುವವರ ಬಾಯಿಯಲ್ಲಿ ಬಿಳುಪು ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಆದ್ದರಿಂದಲೇ ಅದನ್ನು ರೋಗಿಯೂ, ಕೆಲವೊಮ್ಮೆ ವೈದ್ಯರೂ ‘ಸೋಂಕಿನಿಂದ ಬಂದದ್ದು’ ಎಂದು ಬಿಟ್ಟುಬಿಡುವ ಸಂಭವವಿದೆ. ಕನಿಷ್ಠ ಮೂರು ಬಗೆಯ ಮಚ್ಚೆಗಳನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಮೊದಲನೆಯದು ಕ್ಯಾಂಡಿಡಾ ಶಿಲೀಂಧ್ರದ ಸೋಂಕು. ಇದು ಸಾಮಾನ್ಯವಾಗಿ ಮೊಸರಿನ ಗರಣೆಯಂತೆ ನಾಲಿಗೆ, ಅಂಗುಳು, ಕೆನ್ನೆಗಳ ಮೇಲೆ ಕೂರುತ್ತದೆ; ಹತ್ತಿಯಿಂದ ಒರೆಸಿದರೆ ಎದ್ದುಬಂದು ಕೆಳಗೆ ಕೆಂಪು ಮೈ ಕಾಣುತ್ತದೆ. ಶಿಲೀಂಧ್ರನಾಶಕ ಔಷಧಿಯಿಂದ ಕೆಲವೇ ದಿನಗಳಲ್ಲಿ ಹೋಗುತ್ತದೆ. ಎರಡನೆಯದು ಹೇರಿ ಲ್ಯೂಕೋಪ್ಲೇಕಿಯಾ. ನಾಲಿಗೆಯ ಅಂಚಿನಲ್ಲಿ ಸುಕ್ಕುಗಟ್ಟಿದ ಬಿಳಿ ಗೆರೆಗಳಂತೆ ಕಾಣುವ ಇದು ಎಪ್‌ಸ್ಟೀನ್-ಬಾರ್ ವೈರಸ್ಸಿನ ಕೃತ್ಯ. ಒರೆಸಿದರೆ ಹೋಗದು; ಆದರೆ ಕ್ಯಾನ್ಸರಾಗಿ ಬದಲಾಗುವುದಿಲ್ಲ. ನಿರೋಧಕ ಶಕ್ತಿ ಕುಸಿದಿದೆ ಎಂಬುದರ ಸೂಚನೆಯಾಗಿ ಮಾತ್ರ ಅದಕ್ಕೆ ಮಹತ್ವ.

ಮೂರನೆಯದು ತಂಬಾಕಿನಿಂದ ಬರುವ ಲ್ಯೂಕೋಪ್ಲೇಕಿಯಾ. ಹೆಸರಿನಲ್ಲಿ ಎರಡನೆಯದಕ್ಕೆ ಹತ್ತಿರ, ಸ್ವಭಾವದಲ್ಲಿ ಬಹು ದೂರ. ತಂಬಾಕು ಇಡುವ ಜಾಗದಲ್ಲಿ ದಪ್ಪನೆಯ ಬಿಳಿ ತೇಪೆಯಾಗಿ ಕೂರುವ ಇದು ಒರೆಸಿದರೆ ಹೋಗುವುದಿಲ್ಲ, ನೋಯುವುದೂ ಇಲ್ಲ. ಇದು ಕ್ಯಾನ್ಸರಿನ ಮುನ್ನ ಹಂತ. ಬಿಳುಪಿನ ನಡುವೆ ಕೆಂಪು ಚುಕ್ಕೆಗಳಿದ್ದರೆ, ಅಥವಾ ಇಡೀ ತೇಪೆಯೇ ಕೆಂಪು ಮಖಮಲ್ಲಿನಂತಿದ್ದರೆ ಅಪಾಯ ಇನ್ನೂ ಹೆಚ್ಚು. ಈ ತೇಪೆಯ ಮೇಲೆ ಕ್ಯಾಂಡಿಡಾ ಕೂಡ ಬೆಳೆಯಬಹುದು. ಆಗ ಶಿಲೀಂಧ್ರದ ಔಷಧಿಯಿಂದ ಮೇಲಿನ ಪದರ ಹೋಗಿ ರೋಗ ವಾಸಿಯಾದಂತೆ ತೋರುತ್ತದೆ; ಕೆಳಗಿನದು ಉಳಿದೇ ಇರುತ್ತದೆ.

ಆದ್ದರಿಂದ ನಿಯಮ ಸರಳ. ಚಿಕಿತ್ಸೆಯ ಬಳಿಕವೂ ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು ಅಥವಾ ಮಚ್ಚೆಯಿಂದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಬಯಾಪ್ಸಿ ಎಂಬ ಈ ಪರೀಕ್ಷೆಗೆ ಬದಲಿಯಿಲ್ಲ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಜನರಲ್ಲಿ ಆಳವಾಗಿದೆ. ಬಾಯಿಯ ಕ್ಯಾನ್ಸರಿನಲ್ಲಿ ರೋಗ ಕೈಮೀರುವುದು ಪರೀಕ್ಷೆ ಮಾಡಿಸಿದ್ದರಿಂದಲ್ಲ, ಮುಂದೂಡಿದ್ದರಿಂದ.

ಕಣ್ಣಿಗೆ ಕಾಣುವ ಕ್ಯಾನ್ಸರ್

ಹೊಟ್ಟೆಯೊಳಗಿನ ಗೆಡ್ಡೆಯಂತಲ್ಲದೆ ಬಾಯಿಯ ಕ್ಯಾನ್ಸರ್ ಬರಿಗಣ್ಣಿಗೆ ಕಾಣುತ್ತದೆ. ಇದರ ಬೆಲೆ ಎಷ್ಟೆಂಬುದನ್ನು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಪ್ರಯೋಗ ತೋರಿಸಿಕೊಟ್ಟಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿಯನ್ನು ನೋಡಿ, ಸಂಶಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿದಿತ್ತು. ಇದಕ್ಕೆ ಬೇಕಾದ ಸಾಮಗ್ರಿ ಒಂದು ಟಾರ್ಚು ಮತ್ತು ನೋಡಲು ಕಲಿತ ಕಣ್ಣು, ಅಷ್ಟೆ.

ಎ.ಆರ್.ಟಿ. ಕೇಂದ್ರಕ್ಕೆ ರೋಗಿ ಮಾತ್ರೆಗಾಗಿ ನಿಯತವಾಗಿ ಬಂದೇ ಬರುತ್ತಾನೆ. ತೂಕ ನೋಡುತ್ತಾರೆ, ಕ್ಷಯದ ಲಕ್ಷಣ ವಿಚಾರಿಸುತ್ತಾರೆ, ಮಾತ್ರೆ ತಪ್ಪಿಸಿದ್ದುಂಟೇ ಎಂದು ಆಪ್ತಸಮಾಲೋಚಕರು ಕೇಳುತ್ತಾರೆ. ಬಾಯಿ ತೆರೆಸಿ ನೋಡುವುದಕ್ಕೂ, ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳುವುದಕ್ಕೂ ಅದೇ ಭೇಟಿಯಲ್ಲಿ ಇನ್ನೆರಡು ನಿಮಿಷ ಸಾಕು. ಇಡೀ ಊರಿನ ಬಾಯಿಗಳನ್ನು ಹುಡುಕಿಕೊಂಡು ಹೋಗಬೇಕಾದ ಕಷ್ಟ ಇಲ್ಲಿಲ್ಲ. ಅಪಾಯವಿರುವವರು ತಾವಾಗಿಯೇ ಬಾಗಿಲಿಗೆ ಬರುತ್ತಾರೆ.

ಮನೆಯಲ್ಲಿಯೂ ಪರೀಕ್ಷೆ ಸಾಧ್ಯ. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬಾಯಿ ತೊಳೆದು ನಿಂತು ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು, ನಾಲಿಗೆಯ ಮೇಲ್ಭಾಗ, ಅಂಚು ಮತ್ತು ತಳಭಾಗ, ಅಂಗುಳುಗಳನ್ನು ನೋಡಿಕೊಳ್ಳಬೇಕು. ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ತೇಪೆ, ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ತಡಮಾಡಬಾರದು. ಒಂದರ ಮೇಲೊಂದಾಗಿ ಜೋಡಿಸಿದ ಮೂರು ಬೆರಳು ಬಾಯಿಯೊಳಗೆ ಹೋಗದಿದ್ದರೆ ಅದೂ ಎಚ್ಚರಿಕೆಯ ಗುರುತು.

ಪತ್ತೆಯಾದ ಮೇಲೆ ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆಯನ್ನು ಮೊಟಕುಗೊಳಿಸಬೇಕಾಗಿಲ್ಲ. ವೈರಸ್ ಹತೋಟಿಯಲ್ಲಿರುವ ರೋಗಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳನ್ನು ಇತರರಿಗೆ ಮಾಡಿದಂತೆಯೇ ಮಾಡಬಹುದು. ಎ.ಆರ್.ಟಿ. ಮಾತ್ರೆಗಳನ್ನು ನಿಲ್ಲಿಸಬಾರದು, ಕ್ಯಾನ್ಸರಿನ ಔಷಧಿಗಳೊಂದಿಗೆ ಅವು ಹೊಂದುತ್ತವೆಯೇ ಎಂಬುದನ್ನು ಎರಡೂ ಕಡೆಯ ವೈದ್ಯರು ಕೂಡಿ ನೋಡಬೇಕು. ಸೋಂಕಿನ ಕಾರಣದಿಂದ ಆರೋಗ್ಯ ಸೇವೆ ನಿರಾಕರಿಸುವುದನ್ನು 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕುಳಿತು ತನ್ನ ಸೋಂಕನ್ನು ಹೇಳಲೋ ಬೇಡವೋ ಎಂದು ತಳಮಳಿಸುವ ರೋಗಿಗೆ ಈ ಕಾಯ್ದೆಯ ಅರಿವು ಇರುವುದು ಒಳ್ಳೆಯದು. ಆ ಅಳುಕಿನಿಂದಲೇ ದಂತವೈದ್ಯರ ಬಳಿಗೆ ಹೋಗದೆ ಉಳಿದರೆ ರೋಗ ಪತ್ತೆಯಾಗುವ ಬಾಗಿಲೇ ಮುಚ್ಚಿಹೋಗುತ್ತದೆ.

ಬಿಡುವ ದಾರಿ

ತಂಬಾಕನ್ನು ಯಾವ ವಯಸ್ಸಿನಲ್ಲಿ ಬಿಟ್ಟರೂ ಅಪಾಯ ಇಳಿಯತೊಡಗುತ್ತದೆ. ಬಿಟ್ಟ ಮೇಲೆ ಕೆಲವು ಲ್ಯೂಕೋಪ್ಲೇಕಿಯಾ ತೇಪೆಗಳು ತಾವಾಗಿಯೇ ಕುಗ್ಗುವುದುಂಟು. ಮೊದಲ ಒಂದೆರಡು ವಾರ ಸಿಡುಕು, ನಿದ್ರಾಭಂಗ, ತಲೆನೋವು ಸಹಜ. ಅದು ದೌರ್ಬಲ್ಯವಲ್ಲ, ನಿಕೋಟಿನ್ ಇಳಿಯುತ್ತಿರುವುದರ ಲಕ್ಷಣ. ವೈದ್ಯರ ಹಾಗೂ ಆಪ್ತಸಮಾಲೋಚಕರ ನೆರವಿದ್ದರೆ ಬಿಡುವವರ ಪ್ರಮಾಣ ಹೆಚ್ಚುತ್ತದೆ. ಔಷಧಿಗಳಲ್ಲಿ ವರೆನಿಕ್ಲಿನ್ ಬಹುಮಟ್ಟಿಗೆ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಎಚ್‌ಐವಿ ಮಾತ್ರೆಗಳೊಂದಿಗೆ ಅದರ ಘರ್ಷಣೆ ಕಡಿಮೆ. ಬ್ಯುಪ್ರೊಪಿಯಾನಿನ ಮಟ್ಟವನ್ನು ಎಫವಿರೆನ್ಜ್ ಮತ್ತು ರಿಟೊನವಿರ್ ತಗ್ಗಿಸಬಲ್ಲವು. ಆದ್ದರಿಂದ ತಾನು ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಿಳಿಸದೆ ಯಾವುದನ್ನೂ ಆರಂಭಿಸಬಾರದು. ಭಾರತದಲ್ಲಿ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ನೆರವು ಇದೆ.

ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅದಾದ ಮೇಲೆ ತಂಬಾಕಿಲ್ಲದ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಅಕ್ಕಪಕ್ಕ ತೂಗಿಬಿದ್ದು ಮಾರಾಟವಾಗತೊಡಗಿದವು. ಕೊಳ್ಳುವವನು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಕಾನೂನು ಮಿಶ್ರಣವನ್ನು ತಡೆಯಿತು, ಬಳಕೆಯನ್ನಲ್ಲ.

ಹೊರನಾಡಿನಲ್ಲಿ

ನಾವು ನೆಲೆಸಿರುವ ದೇಶಗಳಲ್ಲಿ ಪರಿಸ್ಥಿತಿ ಬೇರೆಬೇರೆ. ಆಸ್ಟ್ರೇಲಿಯ 1991ರಲ್ಲಿಯೇ ಜಗಿಯುವ ತಂಬಾಕಿನ ಮಾರಾಟವನ್ನು ನಿಷೇಧಿಸಿದೆ. ಸಿಂಗಪುರ 2016ರ ಆಗಸ್ಟಿನಿಂದ ಗುಟ್ಕಾ, ಖೈನಿ, ಜರ್ದಾಗಳನ್ನು ಹೆಸರಿಸಿಯೇ ನಿಷೇಧಿಸಿತು. ಬ್ರಿಟನ್ನಿನಲ್ಲಿ ಅವು ದಕ್ಷಿಣ ಏಷ್ಯಾದ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2012ರಲ್ಲಿ ದಕ್ಷಿಣ ಏಷ್ಯಾ ಮೂಲದವರ ಹೊಗೆಯಿಲ್ಲದ ತಂಬಾಕಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಆ ವಸ್ತುಗಳನ್ನು ಜನರು ಬಳಸುವ ಹೆಸರುಗಳಿಂದಲೇ ಕೇಳಬೇಕೆಂದು ವೈದ್ಯರಿಗೆ ಸೂಚಿಸಿತು. ಅದು ವಿವೇಕದ ಮಾತು. ‘ನೀವು ತಂಬಾಕು ಸೇದುತ್ತೀರಾ’ ಎಂಬ ಪ್ರಶ್ನೆಗೆ ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ನಮ್ಮ ಹಿರಿಯರು ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾರೆ.

ಪಾಶ್ಚಾತ್ಯ ಪತ್ರಿಕೆಗಳಲ್ಲಿ ಹೊಗೆಯಿಲ್ಲದ ತಂಬಾಕು ಸಿಗರೇಟಿಗಿಂತ ಕಡಿಮೆ ಹಾನಿಕರ ಎಂದು ಓದಿ ನೆಮ್ಮದಿಪಡುವವರೂ ಇದ್ದಾರೆ. ಆ ಬರಹಗಳು ಸಾಮಾನ್ಯವಾಗಿ ಸ್ವೀಡನ್ನಿನ ಸ್ನೂಸ್ ಎಂಬ ಪದಾರ್ಥವನ್ನು ಕುರಿತವು. ಅದನ್ನು ಹುದುಗಿಸದೆ ಬಿಸಿಯಿಂದ ಸಂಸ್ಕರಿಸುವುದರಿಂದ ಅದರಲ್ಲಿ ನೈಟ್ರೊಸಮೀನ್ ಕಡಿಮೆ. ಅಡಿಕೆಯೂ ಇಲ್ಲ, ಸುಣ್ಣವೂ ಇಲ್ಲ. ಅದರ ಲೆಕ್ಕವನ್ನು ಖೈನಿಗೋ ಗುಟ್ಕಾಕ್ಕೋ ಅನ್ವಯಿಸುವುದು ಅಪಾಯಕರವಾದ ತಪ್ಪು.

ಊರಿಗೆ ಹೋದಾಗ, ಅಥವಾ ದೂರವಾಣಿಯಲ್ಲಿ ಮಾತನಾಡುವಾಗ ನಾವು ಮನೆಯವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ವಿಚಾರಿಸುತ್ತೇವೆ. ಬಾಯಿಯನ್ನು ವಿಚಾರಿಸುವ ರೂಢಿ ನಮ್ಮಲ್ಲಿಲ್ಲ. ಎಚ್‌ಐವಿಯನ್ನಂತೂ ಬಾಯಿಬಿಟ್ಟು ಹೇಳುವುದೇ ಕಡಿಮೆ. ಯಾರ ಮನೆಯಲ್ಲಿ ಯಾರು ಆ ಮಾತ್ರೆ ನುಂಗುತ್ತಿದ್ದಾರೆಂದು ನಮಗೆ ತಿಳಿಯಬೇಕಾಗಿಯೂ ಇಲ್ಲ. ಹೊಗೆಸೊಪ್ಪು ಹಾಕುವ ಪ್ರತಿಯೊಬ್ಬರಿಗೂ ಒಮ್ಮೆ ಹಲ್ಲಿನ ವೈದ್ಯರ ಬಳಿ ಬಾಯಿ ತೋರಿಸಿಕೊಂಡು ಬನ್ನಿ ಎಂದು ಹೇಳಿದರೆ, ತನ್ನ ಸೋಂಕನ್ನು ಯಾರಿಗೂ ಹೇಳಿಕೊಳ್ಳಲಾರದವರಿಗೂ ಆ ಮಾತು ತಲುಪುತ್ತದೆ.